ಸ್ಪರ್ಧೆಗೆ ಹೊರಟ ಬಿಯರ್ ಬಾಟಲಿ: ನಾನು ಪ್ಯಾಕ್ ಮಾಡುವ ಕ್ರಮ

ದಾರಿಯಲ್ಲಿ ಬಾಟಲಿ ಒಡೆದರೆ ಬೈಗುಳ ಬೀಳುವುದು ಪಾರ್ಸೆಲ್ ಎಸೆದವರಿಗೆ. ಆದರೆ ಒಡೆದ ಡಬ್ಬಿ ಬಿಚ್ಚಿ ನೋಡಿದರೆ ಕಾರಣ ಹೆಚ್ಚಾಗಿ ಒಳಗೇ ಸಿಗುತ್ತದೆ. ಎರಡು ಬಾಟಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ, ಇಲ್ಲವೇ ಬಾಟಲಿಯ ತಳ ನೇರವಾಗಿ ರಟ್ಟಿನ ಮೇಲೆ ಕೂತಿರುತ್ತದೆ, ಅದೂ ಅಲ್ಲದಿದ್ದರೆ ಹುದುಗುವಿಕೆ ಮುಗಿಯುವ ಮೊದಲೇ ಬಿಯರ್ ಬಾಟಲಿಗೆ ಹೋಗಿರುತ್ತದೆ. ಅಮೆರಿಕದ ಹೋಮ್‌ಬ್ರೂ, ಅಂದರೆ ಮನೆಯಲ್ಲೇ ಮಾಡಿದ ಬಿಯರಿನ ಸ್ಪರ್ಧೆಗಳಿಗೆ 12 ಔನ್ಸ್, ಅಂದರೆ 355 ಮಿ.ಲೀ. ಬಾಟಲಿಗಳನ್ನು ಕಳಿಸುವಾಗ ನಾನು ಪಾಲಿಸುವ ಕ್ರಮ ಹೀಗಿದೆ.

ಮೊದಲು ಕಾನೂನಿನ ಮಾತು. ಅಮೆರಿಕದ ಅಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾಯ್ದೆ 1979ರ ಫೆಬ್ರವರಿಯಿಂದ ಜಾರಿಗೆ ಬಂತು. ಅದರ ಪ್ರಕಾರ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ ಬಿಯರ್ ತೆರಿಗೆ ಕಟ್ಟದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಮಾಡಲು ಅನುಮತಿ ಇದೆ ಎಂದಾಕ್ಷಣ ಕಳಿಸಲು ಅನುಮತಿ ಇದೆ ಎಂದಲ್ಲ. ಸರ್ಕಾರಿ ಅಂಚೆಯಲ್ಲಿ ಮದ್ಯ ಕಳಿಸುವುದು ಫೆಡರಲ್ ಕಾನೂನಿನಲ್ಲೇ ನಿಷಿದ್ಧ. ಖಾಸಗಿ ಕೊರಿಯರ್‌ಗಳಾದ ಯುಪಿಎಸ್, ಫೆಡೆಕ್ಸ್‌ಗಳು ಪರವಾನಗಿ ಇದ್ದು ಒಪ್ಪಂದ ಮಾಡಿಕೊಂಡವರಿಂದ ಮಾತ್ರ ಮದ್ಯ ತೆಗೆದುಕೊಳ್ಳುತ್ತವೆ, ನಮ್ಮಂಥ ಸಾಮಾನ್ಯ ಗ್ರಾಹಕರಿಂದ ಅಲ್ಲ. ಡಬ್ಬಿಯ ಮೇಲೆ ‘ಯೀಸ್ಟ್ ಸ್ಯಾಂಪಲ್’ ಎಂದು ಬರೆದು ಕಳಿಸಿ ಎಂಬ ಸಲಹೆ ಹೋಮ್‌ಬ್ರೂ ಮಾಡುವವರ ನಡುವೆ ಓಡಾಡುತ್ತಿರುತ್ತದೆ. ನಾನು ಅದನ್ನು ಮಾಡುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಅಂಥ ಒಪ್ಪಂದವಿರುವ ಅಂಗಡಿ ಸಿಕ್ಕರೆ ಅದರ ಮೂಲಕ, ಇಲ್ಲದಿದ್ದರೆ ಸ್ಪರ್ಧೆಯವರೇ ಗೊತ್ತುಮಾಡಿದ ಡ್ರಾಪ್-ಆಫ್ ಜಾಗಕ್ಕೆ ಕೊಟ್ಟು, ಅದೂ ಆಗದಿದ್ದರೆ ಕ್ಲಬ್‌ನವರ ಕಾರಿನಲ್ಲಿ ಕಳಿಸುವುದು. ಕರ್ನಾಟಕದಲ್ಲಿರುವವರಿಗೆ ಒಂದು ಮಾತು: 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಇದೆಲ್ಲ ಅಮೆರಿಕದ ಲೆಕ್ಕ.

ಪ್ಯಾಕಿಂಗ್ ಶುರುವಾಗುವುದು ಬಾಟಲಿ ತುಂಬುವಾಗಲೇ. 2.5 ವಾಲ್ಯೂಮ್ ಗ್ಯಾಸ್ (ಅಂದರೆ ಬಿಯರಿನ ಗಾತ್ರದ ಎರಡೂವರೆ ಪಟ್ಟು ಇಂಗಾಲದ ಡೈಆಕ್ಸೈಡ್) ಇರುವ ಪೇಲ್ ಏಲ್ ಎಂಬ ಬಗೆಯ ಬಿಯರ್ ಫ್ರಿಜ್ಜಿನ 4 ಡಿಗ್ರಿಯಲ್ಲಿ 10ರಿಂದ 12 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡದಲ್ಲಿರುತ್ತದೆ. ಅದೇ ಬಾಟಲಿ 20 ಡಿಗ್ರಿಗೆ ಬಂದರೆ 27ರ ಆಸುಪಾಸು, ಬೇಸಿಗೆಯ ಟ್ರಕ್ಕಿನಲ್ಲಿ 38 ಡಿಗ್ರಿ ಮುಟ್ಟಿದರೆ 50ರ ಹತ್ತಿರ. ಒಳ್ಳೆಯ ಬಾಟಲಿ ಇದನ್ನು ತಡೆಯುತ್ತದೆ. ಆದರೆ 3.5 ವಾಲ್ಯೂಮ್ ಗ್ಯಾಸಿನ ಬೆಲ್ಜಿಯನ್ ಶೈಲಿಯ ಬಿಯರ್ ಅದೇ ಬಿಸಿಯಲ್ಲಿ 70-80 ಪಿಎಸ್‌ಐ ಸಮೀಪಕ್ಕೆ ಹೋಗುತ್ತದೆ. ಹಳೇ ಗೀರು ಬಿದ್ದ ಗಾಜಿಗೆ ಅಷ್ಟಾದ ಮೇಲೆ ಸಣ್ಣ ಪೆಟ್ಟು ಸಾಕು. ವಿಮಾನದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಬಾಟಲಿ ಸಿಡಿಯುತ್ತದೆ ಎಂದು ಹೆದರುವವರಿದ್ದಾರೆ. ಹಾಗೆ ಹೆಚ್ಚುವ ವ್ಯತ್ಯಾಸ ಮೂರು ನಾಲ್ಕು ಪಿಎಸ್‌ಐ ಮಾತ್ರ. ಹೆದರಬೇಕಾದದ್ದು ಬಿಸಿಲಿಗೆ, ಬೀಳುವಿಕೆಗೆ.

ಆದ್ದರಿಂದ ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸದೆ ನಾನು ಬಾಟಲಿ ತುಂಬುವುದಿಲ್ಲ. ಹುದುಗದ ಸಕ್ಕರೆ ಒಂದೊಂದು ಗ್ರಾವಿಟಿ ಪಾಯಿಂಟ್‌ನಷ್ಟು (ಸಾಂದ್ರತೆಯಲ್ಲಿ 0.001) ಬಾಕಿ ಉಳಿದರೂ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಹೆಚ್ಚುತ್ತದೆ. ಪ್ರೈಮಿಂಗ್‌ಗೆ, ಅಂದರೆ ಬಾಟಲಿಯಲ್ಲೇ ಗ್ಯಾಸ್ ಹುಟ್ಟಲೆಂದು ಸಕ್ಕರೆ ಹಾಕುವುದಕ್ಕೆ, ಒಂದು ವಾಲ್ಯೂಮ್ ಹೆಚ್ಚಿಸಲು ಲೀಟರಿಗೆ 4 ಗ್ರಾಂ ಸಕ್ಕರೆ ಎಂಬ ಲೆಕ್ಕ. ಅದನ್ನು ತೂಕ ಮಾಡಿಯೇ ಹಾಕಬೇಕು, ಚಮಚದ ಅಂದಾಜು ಬೇಡ. ಸೈಸನ್ ಎಂಬ ಬೆಲ್ಜಿಯನ್ ಬಿಯರಿನ ಯೀಸ್ಟ್‌ಗಳಲ್ಲಿ ಡಯಾಸ್ಟಾಟಿಕಸ್ ಬಗೆಯವು ಉಳಿದ ಯೀಸ್ಟ್ ಮುಟ್ಟದ ಸಕ್ಕರೆಯನ್ನೂ ನಿಧಾನವಾಗಿ ತಿನ್ನುತ್ತಲೇ ಇರುತ್ತವೆ. ಅವುಗಳಿಂದ ಮಾಡಿದ ಬಿಯರನ್ನು ಅವಸರದಲ್ಲಿ ತುಂಬಿ ಪಾರ್ಸೆಲ್‌ಗೆ ಕೊಡಲೇಬಾರದು. ಪ್ರತಿ ಸಲ ಅದೇ ಬಿಯರನ್ನು ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ತುಂಬಿಡುತ್ತೇನೆ. ಒತ್ತಿದರೆ ಅಂಗಡಿಯ ಸೋಡಾ ಬಾಟಲಿಯಷ್ಟೇ ಗಟ್ಟಿ ಇರಬೇಕು. ಕಲ್ಲಿನ ಹಾಗೆ ಬಿಗಿದಿದ್ದರೆ ಆ ಬಿಯರ್ ಎಲ್ಲಿಗೂ ಹೋಗುವುದಿಲ್ಲ.

ಬಾಟಲಿ ಆರಿಸುವಾಗ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. ಮರುಬಳಕೆಯ ಬಾಟಲಿಗಳು ಭುಜದ ಬಳಿ ಮತ್ತು ತಳದ ಅಂಚಿನಲ್ಲಿ ಒಂದಕ್ಕೊಂದು ಉಜ್ಜಿ ಬೆಳ್ಳಗೆ ಸವೆದಿರುತ್ತವೆ. ಆ ಸವೆತ ಬೆರಳಿಗೆ ಒರಟಾಗಿ ಸಿಕ್ಕರೆ ಬಾಟಲಿ ಮನೆಯಲ್ಲೇ ಉಳಿಯುತ್ತದೆ. ಬಾಯಿಯ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಕಸಕ್ಕೆ. ತಿರುಗಿಸಿ ತೆಗೆಯುವ ಬಾಟಲಿಗಳಿಗೆ ಕ್ರೌನ್ ಮುಚ್ಚಳ (ಓಪನರ್‌ನಿಂದ ತೆಗೆಯುವ ಲೋಹದ ಮುಚ್ಚಳ) ಸರಿಯಾಗಿ ಕೂರುವುದಿಲ್ಲ, ಅವೂ ಬೇಡ. ಬಿಯರ್ ಬಾಯಿಂದ ಎರಡೂವರೆ, ಮೂರು ಸೆಂ.ಮೀ. ಕೆಳಗೆ ನಿಲ್ಲಬೇಕು.

ಮುಚ್ಚಳದ ವಿಷಯಕ್ಕೆ ಜನ ಗಮನ ಕೊಡುವುದೇ ಇಲ್ಲ. ನಾನು ವರ್ನಿಯರ್ ಹಿಡಿದು ಅಳೆಯುತ್ತೇನೆ: ಒತ್ತಿದ ಮೇಲೆ 26 ಮಿ.ಮೀ. ಕ್ರೌನ್‌ನ ಸ್ಕರ್ಟ್, ಅಂದರೆ ನೆರಿಗೆಯ ಅಂಚು, ಹೊರಗಿಂದ ಹೊರಕ್ಕೆ 28.6ರಿಂದ 28.8 ಮಿ.ಮೀ. ಇರಬೇಕು. 29 ದಾಟಿದರೆ ಹಿಡಿತ ಸಡಿಲ, ಮೇಜಿನ ಮೇಲೆ ಸುಮ್ಮನೆ ಕೂತಾಗ ಸೋರದ ಮುಚ್ಚಳ ಅಡ್ಡ ಬಿದ್ದು ಅಲುಗಾಡಿದಾಗ ಸೋರುತ್ತದೆ. ಮುಚ್ಚಳ ಒತ್ತುವ ಸಾಧನವಾದ ಕ್ಯಾಪರ್‌ಗಳಲ್ಲಿ, ಎರಡು ಹಿಡಿ ಒತ್ತುವ ಬಗೆಯದರಲ್ಲಿ ಒಂದು ಬದಿಗೆ ಭಾರ ಹೆಚ್ಚಾಗಿ ಮುಚ್ಚಳ ವಾಲುತ್ತದೆ. ಕಳಿಸುವ ಬಾಟಲಿಗಳಿಗಾದರೂ ಮೇಜಿನ ಮೇಲೆ ಕೂರುವ ಕ್ಯಾಪರ್ ಒಳ್ಳೆಯದು. ಕೆಗ್‌ನಿಂದ (ಗ್ಯಾಸ್ ಕಟ್ಟಿದ ಬಿಯರಿನ ಲೋಹದ ಪೀಪಾಯಿ) ತುಂಬುವುದಾದರೆ ನೊರೆ ಬಾಯಿವರೆಗೆ ಏರಿದ ಕ್ಷಣದಲ್ಲೇ ಆ ನೊರೆಯ ಮೇಲೆ ಮುಚ್ಚಳ ಹಾಕಬೇಕು. ಒಳಗೆ ಗಾಳಿ ಉಳಿದರೆ ಬಿಸಿ ಟ್ರಕ್ಕಿನಲ್ಲಿ ಬಿಯರಿಗೆ ಹಾಕುವ ಹಾಪ್ ಹೂವಿನ ಪರಿಮಳವೆಲ್ಲ ಹೋಗುತ್ತದೆ, ಹಾಪ್ ಹೆಚ್ಚಿರುವ ಮಸುಕು ಬಿಯರಾದ ಹೇಜಿ ಐಪಿಎ ಅಂತೂ ಕಂದುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎಲ್ಲ ಬಾಟಲಿಗಳನ್ನೂ ಪೇಪರ್ ಟವೆಲ್ ಮೇಲೆ ಒಂದು ರಾತ್ರಿ ಅಡ್ಡ ಮಲಗಿಸುತ್ತೇನೆ. ಟವೆಲ್ ಮೇಲೆ ಒದ್ದೆಯ ಗುರುತು ಕಂಡರೆ ಆ ಬಾಟಲಿ ಪಟ್ಟಿಯಿಂದ ಹೊರಗೆ.

ಈಗ ಡಬ್ಬಿ. ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಹೊರಗಿನ ನೀರು ಪೂರಾ ಒರೆಸಿ ಒಣಗಿಸಬೇಕು. ಸ್ಪರ್ಧೆಯ ಚೀಟಿಯನ್ನು ರಬ್ಬರ್ ಬ್ಯಾಂಡ್‌ನಿಂದ ಕಟ್ಟಬೇಕು, ಗೋಂದಿನಿಂದ ಅಂಟಿಸಬಾರದು, ಏಕೆಂದರೆ ಅಲ್ಲಿ ಅದನ್ನು ತೆಗೆದು ಬೇರೆ ಸಂಖ್ಯೆ ಹಾಕುತ್ತಾರೆ. ಮುಚ್ಚಳದ ಮೇಲೆ ಅಕ್ಷರ, ಚಿತ್ರ ಇದ್ದರೆ ಕಪ್ಪು ಮಾರ್ಕರ್‌ನಿಂದ ಮುಚ್ಚಬೇಕು. ಪ್ರತಿ ಬಾಟಲಿ ಒಂದೊಂದು ಜಿಪ್ ಚೀಲದೊಳಗೆ, ಗಾಳಿ ಹೊರಹಾಕಿ. ಒಂದು ಸೋರಿದರೆ ಉಳಿದವುಗಳ ಚೀಟಿ ಉಳಿಯುವುದು ಇದರಿಂದಲೇ. ಅದರ ಮೇಲೆ ಸಣ್ಣ ಗುಳ್ಳೆಯ ಬಬಲ್ ರ‍್ಯಾಪ್ ಮೂರು ಸುತ್ತು. ತಳದಲ್ಲೂ ತಲೆಯಲ್ಲೂ ನಾಲ್ಕು ಬೆರಳಷ್ಟು ಹೆಚ್ಚು ಬಿಟ್ಟು ಒಳಕ್ಕೆ ಮಡಚಬೇಕು. ಕತ್ತು ಸಪೂರವಾಗಿರುವುದರಿಂದ ಅಲ್ಲಿ ಸುತ್ತು ಸಡಿಲವಾಗುತ್ತದೆ, ಹಾಗಾಗಿ ಕತ್ತಿಗೆ ಮಾತ್ರ ಬೇರೊಂದು ಪಟ್ಟಿ. ಟೇಪಿನ ತುದಿಯನ್ನು ಒಂದು ಬೆರಳಗಲ ಮಡಚಿ ಬಿಡುತ್ತೇನೆ. ಆ ಕಡೆ ಸ್ವಯಂಸೇವಕರು ನೂರಾರು ಬಾಟಲಿ ಬಿಚ್ಚುತ್ತಿರುತ್ತಾರೆ, ಬ್ಲೇಡ್ ಇಲ್ಲದೆ ಒಂದೇ ಎಳೆತಕ್ಕೆ ಬಿಚ್ಚಿಕೊಂಡರೆ ಅವರ ಕೈಗೂ ಕ್ಷೇಮ, ನನ್ನ ಬಾಟಲಿಗೂ ಕ್ಷೇಮ.

ಸುತ್ತಿದ ಬಾಟಲಿಗಳು ರಟ್ಟಿನ ಅಡ್ಡಗೋಡೆಯಿರುವ ಒಳಡಬ್ಬಿಯಲ್ಲಿ ನಿಲ್ಲುತ್ತವೆ, ಒಂದು ಮನೆಗೆ ಒಂದು. ಅಂಗಡಿಯ ಸಿಕ್ಸ್-ಪ್ಯಾಕ್ ಮನೆಗಳು ಸುತ್ತಿದ ಬಾಟಲಿಗೆ ಚಿಕ್ಕದಾಗುತ್ತವೆ, ವೈನ್ ಡಬ್ಬಿಯ ಮನೆ ಸರಿಹೊಂದುತ್ತದೆ. ಇಡೀ ಒಳಡಬ್ಬಿಯನ್ನು ಕಟ್ಟಡ ಕೆಲಸದವರು ಬಳಸುವ 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ದಪ್ಪದ ಕಸದ ಚೀಲಕ್ಕೆ ಇಳಿಸಿ ಬಾಯಿ ತಿರುಚಿ ಕಟ್ಟುತ್ತೇನೆ. ಬಿಯರ್ ಹೊರಗೆ ಬಂದು ಬೇರೆಯವರ ಪಾರ್ಸೆಲ್ ಹಾಳಾದರೆ ನಮ್ಮ ಡಬ್ಬಿ ಅಲ್ಲಿಗೇ ನಿಲ್ಲುತ್ತದೆ. ಹೊರಡಬ್ಬಿ ಒಳಡಬ್ಬಿಗಿಂತ ಎಲ್ಲ ಬದಿಯಲ್ಲೂ 5 ಸೆಂ.ಮೀ. ದೊಡ್ಡದು. ಡಬ್ಬಿಯ ತಳದಲ್ಲಿ ಅಚ್ಚಾದ ದುಂಡು ಮುದ್ರೆ ನೋಡಿ ತೆಗೆದುಕೊಳ್ಳಬೇಕು: 32 ಇಸಿಟಿ (ರಟ್ಟಿನ ಅಂಚು ತಡೆಯುವ ಒತ್ತಡದ ಅಳತೆ) ಎಂದಿದ್ದರೆ ಮಾಮೂಲಿ ಒಂದು ಪದರ, 44 ಅಥವಾ 48 ಇದ್ದರೆ ನನಗೆ ಸಮಾಧಾನ. ಹಳೇ ಡಬ್ಬಿಯ ಮೂಲೆ ಒಮ್ಮೆ ಮೆತ್ತಗಾದರೆ ಅದರ ಬಲ ಹೋದಂತೆಯೇ.

ನಡುವಿನ ಆ 5 ಸೆಂ.ಮೀ.ಗೆ ದೊಡ್ಡ ಗುಳ್ಳೆಯ ರ‍್ಯಾಪ್ ಅಥವಾ ಬಿಗಿಯಾಗಿ ಮುದುಡಿದ ದಪ್ಪ ಕ್ರಾಫ್ಟ್ ಕಾಗದ. ಥರ್ಮೋಕೋಲ್ ಕಾಳು ಬೇಡ. ಟ್ರಕ್ಕಿನ ಕುಲುಕಾಟಕ್ಕೆ ಕಾಳು ಮೇಲಕ್ಕೆ ಸರಿದು ಭಾರದ ಬಾಟಲಿ ತಳ ಸೇರುತ್ತದೆ, ಸ್ಪರ್ಧೆ ನಡೆಸುವವರಿಗೂ ಅದನ್ನು ಕಂಡರಾಗದು. ದಿನಪತ್ರಿಕೆ ಒದ್ದೆಯಾದ ಕೂಡಲೇ ಕುಸಿಯುತ್ತದೆ. ಮುಚ್ಚುವ ಮೊದಲು ಡಬ್ಬಿಯನ್ನು ಎತ್ತಿ ನಾಲ್ಕೂ ದಿಕ್ಕಿಗೆ ಕುಲುಕಿ ಕಿವಿಗೊಡುತ್ತೇನೆ. ಗಾಜಿನ ಟಿಕ್ ಸದ್ದು ಇರಲಿ, ಒಳಗೆ ಏನೋ ಸರಿದ ‘ಸರ್’ ಸದ್ದು ಕೇಳಿದರೂ ಮತ್ತೆ ಬಿಚ್ಚಿ ತುಂಬಬೇಕು. ಆಮೇಲೆ 2 ಇಂಚಿನ ಟೇಪ್: ನಡುವಿನ ಸೀಳಿಗೆ ಒಂದು, ಎರಡೂ ತುದಿಯ ಅಂಚಿಗೆ ಒಂದೊಂದು, ಮೇಲೂ ಕೆಳಗೂ. ‘ಈ ಬದಿ ಮೇಲೆ’ ಎಂಬ ಬಾಣ ಬರೆಯುವುದರಿಂದ ನಷ್ಟವಿಲ್ಲ, ಆದರೆ ಕನ್ವೇಯರ್ ಬೆಲ್ಟಿಗೆ ಓದಲು ಬರುವುದಿಲ್ಲ. ಡಬ್ಬಿ ಯಾವ ಮೂಲೆಯ ಮೇಲೆ, ಸೊಂಟದ ಎತ್ತರದಿಂದ ಬಿದ್ದರೂ ಉಳಿಯಬೇಕು ಎಂದೇ ಕಟ್ಟಬೇಕು. ಆರು ಬಾಟಲಿಯ ಡಬ್ಬಿ ನಾಲ್ಕು ಕಿಲೋ ದಾಟುತ್ತದೆ. ಹನ್ನೆರಡು ಕಳಿಸುವುದಿದ್ದರೆ ಎರಡು ಡಬ್ಬಿ ಮಾಡುತ್ತೇನೆ, ಭಾರ ಹೆಚ್ಚಿದಷ್ಟೂ ಬೀಳುವ ಪೆಟ್ಟು ಜೋರು.

ಐಸ್ ಪ್ಯಾಕ್ ಇಡುವುದಿಲ್ಲ. ಮರುದಿನದ ಹೊತ್ತಿಗೆ ಅದು ಕರಗಿ, ಅದರ ತೇವದಿಂದ ರಟ್ಟು ಮೆತ್ತಗಾಗುತ್ತದೆ. ಅದರ ಬದಲು ಸೋಮವಾರ ಕೊಟ್ಟರೆ ವಾರಾಂತ್ಯದಲ್ಲಿ ಗೋದಾಮಿನಲ್ಲಿ ಕೊಳೆಯುವುದು ತಪ್ಪುತ್ತದೆ. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಗಾದರೆ ಹವಾಮಾನ ನೋಡಿಯೇ ಕಳಿಸಬೇಕು: 5 ಶೇಕಡಾ ಆಲ್ಕೋಹಾಲ್ ಇರುವ ಬಿಯರ್ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಉಬ್ಬುತ್ತದೆ, ಅದಕ್ಕೆ ಯಾವ ಬಬಲ್ ರ‍್ಯಾಪೂ ಅಡ್ಡ ಬರದು.

ವಿಮಾನದಲ್ಲಿ ನಾವೇ ಒಯ್ಯುವುದಾದರೂ ಸುತ್ತುವ ಕ್ರಮ ಇದೇ. ಅಮೆರಿಕದ ನಿಯಮದಲ್ಲಿ 24 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಆಲ್ಕೋಹಾಲ್ ಇರುವ ಪೇಯಕ್ಕೆ ಚೆಕ್-ಇನ್ ಲಗೇಜಿನಲ್ಲಿ ಪ್ರಮಾಣದ ಮಿತಿ ಇಲ್ಲ, ವಿಮಾನ ಕಂಪನಿಯ ತೂಕದ ಮಿತಿ ಮಾತ್ರ. ಸೂಟ್‌ಕೇಸಿನ ನಡುಭಾಗದಲ್ಲಿ, ಚಕ್ರದ ಕಡೆಗೆ ತಾಗದಂತೆ ಇಡಬೇಕು.

ಬಾಟಲಿಯಲ್ಲೇ ಗ್ಯಾಸ್ ಕಟ್ಟಿದ ಬಿಯರ್‌ ದಾರಿಯಲ್ಲಿ ಕುಲುಕಿ ತಳದ ಗಸಿ ಎದ್ದಿರುತ್ತದೆ. ಅದು ಮತ್ತೆ ಕೂರಲು ತಂಪಿನಲ್ಲಿ ಕೆಲವು ದಿನ ಬೇಕು, ಆದ್ದರಿಂದ ಕೊನೆಯ ದಿನಕ್ಕೆ ಮುಟ್ಟುವಂತೆ ಕಳಿಸದೆ ಸ್ಪರ್ಧೆಯವರು ಸ್ವೀಕರಿಸಲು ಶುರುಮಾಡಿದ ವಾರದಲ್ಲೇ ಕಳಿಸಬೇಕು. ಅದೇ ಬಿಯರಿನ ಎರಡು ಬಾಟಲಿ ಮನೆಯಲ್ಲಿ ಉಳಿಸಿಕೊಳ್ಳುತ್ತೇನೆ, ಒಂದು ಫ್ರಿಜ್ಜಿನಲ್ಲಿ, ಇನ್ನೊಂದು ಮನೆಯ ಬೆಚ್ಚಗಿನ ಕೋಣೆಯಲ್ಲಿ. 50 ಅಂಕಗಳ ತೀರ್ಪಿನ ಹಾಳೆ ಬಂದಾಗ ಎರಡನ್ನೂ ತೆರೆದು, ಹಾಳೆ ಪಕ್ಕಕ್ಕಿಟ್ಟುಕೊಂಡು ಕುಡಿಯಬೇಕು. ‘ರಟ್ಟಿನ ವಾಸನೆ’ ಎಂದು ತೀರ್ಪುಗಾರರು ಬರೆದದ್ದು ಫ್ರಿಜ್ಜಿನ ಬಾಟಲಿಯಲ್ಲೂ ಸಿಕ್ಕರೆ ತುಂಬುವಾಗಲೇ ಗಾಳಿ ಸೇರಿದೆ. ಬೆಚ್ಚಗಿನದರಲ್ಲಿ ಮಾತ್ರ ಸಿಕ್ಕರೆ ದಾರಿಯ ಬಿಸಿ ಅದನ್ನು ಬೇಗ ಮುದಿಯಾಗಿಸಿದೆ, ಅಂಥ ಬಿಯರನ್ನು ಮುಂದಿನ ಸಲ ತಂಪು ತಿಂಗಳಲ್ಲಿ ನಡೆಯುವ ಸ್ಪರ್ಧೆಗೆ ಕಳಿಸುವುದು.