ಹಗಲಿನ ಏದುಸಿರು ನನ್ನ ಹಿಡಿತಕ್ಕೆ ಬಂದ ಬಗೆ

ಎದ್ದ ಮೇಲಿನ ಮೊದಲ ಎರಡು ತಾಸು ನೆಟ್ಟಗಾದರೆ ಹಗಲೆಲ್ಲ ನೆಟ್ಟಗಾಗುತ್ತದೆ ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇದ್ದವರಿಗೆ ದಮ್ಮು ದಿನವಿಡೀ ಇದ್ದದ್ದೇ, ಅದಕ್ಕೆಂಥ ಹೊತ್ತುಗೊತ್ತು ಎಂದರು. ಈ ಕಾಯಿಲೆ ಎಷ್ಟು ಕಾಡುತ್ತಿದೆ ಎಂದು ನಲವತ್ತಕ್ಕೆ ಅಳೆಯುವ ಸಿಎಟಿ ಪ್ರಶ್ನಾವಳಿಯಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು; ಇಪ್ಪತ್ತೈದರ ಆಸುಪಾಸಿನಲ್ಲಿದ್ದ ನನ್ನ ಅಂಕ ಈಗ ಹದಿನೈದರ ಹತ್ತಿರವಿದೆ. ಮೆಟ್ಟಿಲ ಮೊದಲ ತಿರುವಿನಲ್ಲಿ ಕಂಬಿ ಹಿಡಿದು ನಿಲ್ಲುವುದು ತಪ್ಪಿದೆ.

ಅದಕ್ಕೂ ಮುಂಚೆ ದುಡ್ಡು ನೀರಿನಂತೆ ಹೋಯಿತು. ಗಾಳಿ ಶುದ್ಧ ಮಾಡುವ ಯಂತ್ರ, ಉಪ್ಪಿನ ಇನ್ಹೇಲರ್, ಹಬೆ ಯಂತ್ರ ಎಲ್ಲ ಸೇರಿ ಎರಡು ತಿಂಗಳ ಸಂಬಳವಾದರೂ ಕರಗಿರಬೇಕು. ಯಾವುದರಿಂದಲೂ ಬೆಳಗಿನ ಎದೆಬಿಗಿತ ಸಡಿಲವಾಗಲಿಲ್ಲ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇಕಡಾ 94 ತೋರಿಸುವಾಗಲೇ ಉಸಿರು ಸಿಕ್ಕುತ್ತಿರಲಿಲ್ಲ. 91 ಇದ್ದಾಗ ಆರಾಮಾಗಿ ಮಾತನಾಡುತ್ತಿದ್ದೆ. ಹಾಗಾಗಿ ಅಂಕಿ ನೋಡುವುದನ್ನು ಕಡಿಮೆ ಮಾಡಿ, ಗಂಟೆಗೊಮ್ಮೆ ಏದುಸಿರಿಗೆ 0ರಿಂದ 10ರೊಳಗೆ ಅಂಕ ಕೊಟ್ಟು, ಆಗ ಮಾಡುತ್ತಿದ್ದ ಕೆಲಸವನ್ನೂ ಪಕ್ಕದಲ್ಲೇ ಬರೆಯತೊಡಗಿದೆ.

ಎರಡು ಮೂರು ವಾರಗಳಲ್ಲಿ ಗುಟ್ಟು ರಟ್ಟಾಯಿತು. ಅತಿ ಹೆಚ್ಚಿನ ಅಂಕ ಬೀಳುತ್ತಿದ್ದದ್ದು ನಡಿಗೆಗಲ್ಲ, ಸ್ನಾನವಾದ ಮೇಲೆ ಕೈಯೆತ್ತಿ ತಲೆ ಒರೆಸಿಕೊಳ್ಳುವುದಕ್ಕೆ! ಉಸಿರಿಗೆ ನೆರವಾಗಬೇಕಾದ ಹೆಗಲು, ಕುತ್ತಿಗೆಯ ಸ್ನಾಯುಗಳು ಆಗ ತೋಳು ಹೊರುವುದರಲ್ಲೇ ತೊಡಗಿರುತ್ತವೆ. ಬಗ್ಗಿ ಕಾಲುಚೀಲ ಹಾಕಿಕೊಳ್ಳುವುದಕ್ಕೆ ಎರಡನೆಯ ಸ್ಥಾನ, ಹೊಟ್ಟೆ ತುಂಬ ಉಂಡ ಮಧ್ಯಾಹ್ನಕ್ಕೆ ಮೂರನೆಯದು.

ವೈದ್ಯರನ್ನು ಕೇಳಿ, ತಿಂಡಿಯ ನಂತರ ತೆಗೆದುಕೊಳ್ಳುತ್ತಿದ್ದ ದಿನದ ಇನ್ಹೇಲರನ್ನು ಎದ್ದ ಕೂಡಲೇ ತೆಗೆದುಕೊಳ್ಳತೊಡಗಿದೆ. ಸ್ನಾನಕ್ಕೆ ಕಾಲು ಗಂಟೆ ಮೊದಲು ಶ್ವಾಸನಾಳವನ್ನು ಬೇಗ ಸಡಿಲಿಸುವ ಸಾಲ್ಬ್ಯುಟಮಾಲ್ ಇನ್ಹೇಲರ್, ಆಮೇಲೆ ಬಾಯಿ ತೆರೆದು "ಹಾ" ಎಂದು ಗಾಳಿ ದೂಡಿ ಕಫ ತೆಗೆಯುವುದು. ಸ್ಟೂಲಿನ ಮೇಲೆ ಕುಳಿತೇ ಸ್ನಾನ. ಮೈ ಒರೆಸುವುದನ್ನೇ ಬಿಟ್ಟು ಟವೆಲ್ ಬಟ್ಟೆಯ ನಿಲುವಂಗಿ ತೊಟ್ಟು ಕೂರುತ್ತೇನೆ; ನೀರು ತಾನೇ ಆರುತ್ತದೆ. ಕೆಲಸಗಳ ನಡುವೆ ಎಲ್ಲೆಲ್ಲಿ ಎಷ್ಟು ಹೊತ್ತು ಕೂರುತ್ತೇನೆಂಬ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಅದು ನನ್ನ ಎದೆಯ ಅಳತೆಗೆ ಹೊಲಿದದ್ದು.

ನಡುವೆ ಕೈಫ್ಯಾನನ್ನೂ ಪ್ರಯೋಗಿಸಿದೆ. ಮೂಗು, ಕೆನ್ನೆಗಳಿಗೆ ನೇರವಾಗಿ ಗಾಳಿ ಬಿದ್ದರೆ ಉಸಿರಿನ ಹಸಿವು ತಣಿಯುತ್ತದೆ. ಒದ್ದೆ ಬಟ್ಟೆಯಿಂದಲೂ ಸ್ವಲ್ಪ ಸುಖ ಸಿಕ್ಕಿತು, ಫ್ಯಾನಿನಷ್ಟಲ್ಲ. ಕೊಂಡ ಸಾಮಾನುಗಳಲ್ಲೆಲ್ಲ ಅಗ್ಗದ್ದು ಅದೇ, ದಿನವೂ ಜೇಬಿನಲ್ಲಿರುವುದೂ ಅದೇ. ತುಟಿ ಚೂಪು ಮಾಡಿ ಎರಡು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ ಎಂಬ ಲೆಕ್ಕ ಸಮನೆಲದಲ್ಲಿ ನಡೆಯಿತು. ಮೆಟ್ಟಿಲಿಗೆ ಒಂದು, ಎರಡು ಎಂದು ಇಳಿಸಬೇಕಾಯಿತು.

ಏದುಸಿರಿನ ಅಂಕಗಳನ್ನು ಈಗಲೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಅಂಕ ಎರಡು ದಿನ ಏರುತ್ತಲೇ ಇದ್ದು ಕಫದ ಬಣ್ಣವೂ ತಿರುಗಿದರೆ, ಪ್ರಯೋಗವೆಲ್ಲ ಬದಿಗಿಟ್ಟು ನೇರ ಆಸ್ಪತ್ರೆಗೆ ಹೋಗುತ್ತೇನೆ.