ನೂರು ಬೆಸುಗೆಯಲ್ಲಿ ಐದಕ್ಕೆ ರೇಡಿಯೋಗ್ರಫಿ: ಆರಿಸುವುದು ಹೇಗೆ, ಒಂದು ಫೇಲಾದರೆ ಮುಂದೇನು?

ರಿಫೈನರಿ, ರಾಸಾಯನಿಕ ಕಾರ್ಖಾನೆಗಳ ಪೈಪಿಂಗ್ ಕೆಲಸದಲ್ಲಿ ನಮ್ಮಲ್ಲೂ ಬಳಕೆಯಲ್ಲಿರುವುದು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘದ (ಎಎಸ್‌ಎಂಇ) ಬಿ31.3 ಕೋಡ್. ಸಾಮಾನ್ಯ ಸೇವೆಯ ಪೈಪುಗಳಾದರೆ ಸುತ್ತು ಬೆಸುಗೆಯ ಬಟ್ ಜಾಯಿಂಟ್‌ಗಳಲ್ಲಿ (ಎರಡು ಪೈಪುಗಳ ತುದಿಗೆ ತುದಿ ಸೇರಿಸಿ ಬೆಸೆದವು) ಕನಿಷ್ಠ ಶೇ 5ರಷ್ಟಕ್ಕೆ ರೇಡಿಯೋಗ್ರಫಿ (ವಿಕಿರಣ ಹಾಯಿಸಿ ಬೆಸುಗೆಯ ಒಳಭಾಗವನ್ನು ಫಿಲ್ಮ್‌ನಲ್ಲಿ ಮೂಡಿಸುವುದು) ಅಥವಾ ಅಲ್ಟ್ರಾಸಾನಿಕ್ (ಶಬ್ದತರಂಗದ) ಪರೀಕ್ಷೆ ಆಗಬೇಕು. ಉಳಿದವುಗಳ ಒಳಗನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಆ ಐದನ್ನು ಆರಿಸುವುದರಲ್ಲೇ ಎಲ್ಲವೂ ಇದೆ.

ಮೊದಲು ಲಾಟ್ ಗೊತ್ತುಮಾಡಿ. ಯಾವ ಯಾವ ಜಾಯಿಂಟ್‌ಗಳು ಸೇರಿ ಒಂದು ಲಾಟ್ ಎಂಬುದನ್ನು ಮಾಲೀಕರೂ ಗುತ್ತಿಗೆದಾರರೂ ಕೆಲಸಕ್ಕೆ ಮುನ್ನವೇ ಒಪ್ಪಿ ಬರೆದಿಡಬೇಕು. ಲಾಟ್ ತೀರಾ ದೊಡ್ಡದಾದರೆ, ಕೊನೆಯಲ್ಲಿ ಸಿಕ್ಕ ಒಂದು ದೋಷಕ್ಕಾಗಿ ಇನ್ಸುಲೇಷನ್ ಸುತ್ತಿ ಮುಗಿದ ಪೈಪನ್ನೂ ಬಿಚ್ಚಬೇಕಾಗುತ್ತದೆ.

ಆರಿಸುವಾಗ ಪ್ರತಿ ವೆಲ್ಡರ್‌ನ ಕೆಲಸವೂ ಸ್ಯಾಂಪಲ್‌ನಲ್ಲಿ ಬರಲೇಬೇಕು. ಪೈಪಿನ ಉದ್ದಕ್ಕೆ ಸಾಗುವ ಉದ್ದ ಬೆಸುಗೆ ಬಂದು ಸುತ್ತು ಬೆಸುಗೆಯನ್ನು ಸೇರುವ ಜಾಗಗಳಿಗೆ ಆದ್ಯತೆ ಕೊಡಿ. ಅಲ್ಲಿ ಉದ್ದ ಬೆಸುಗೆಯ ಕನಿಷ್ಠ 38 ಮಿ.ಮೀ. ಫಿಲ್ಮ್‌ನಲ್ಲಿ ಕಾಣಬೇಕು. ಆಯ್ಕೆಯನ್ನು ಇನ್‌ಸ್ಪೆಕ್ಟರ್ ಮಾಡಲಿ, ವೆಲ್ಡಿಂಗ್ ಫೋರ್‌ಮನ್‌ಗೆ ಬಿಡಬೇಡಿ. ಕೈಗೆ ಸುಲಭವಾಗಿ ಸಿಗುವ, ನೆಲದ ಮೇಲೆ ಉರುಳಿಸಿ ಬೆಸೆದ ಜಾಯಿಂಟ್‌ಗಳೇ ತುಂಬಿಕೊಂಡರೆ ಆ ಸ್ಯಾಂಪಲ್‌ಗೆ ಬೆಲೆಯಿಲ್ಲ.

ಫಿಲ್ಮ್ ಬಂತು. ದೋಷ ಹುಡುಕುವ ಮೊದಲು ಫಿಲ್ಮನ್ನೇ ಪರೀಕ್ಷಿಸಿ: ಇರಿಡಿಯಂ-192ರಂಥ ಗಾಮಾ ಮೂಲದಿಂದ ತೆಗೆದಿದ್ದರೆ ಡೆನ್ಸಿಟಿ (ಫಿಲ್ಮ್ ಎಷ್ಟು ಕಪ್ಪಾಗಿದೆ ಎಂಬ ಅಳತೆ) 2.0ರಿಂದ 4.0ರೊಳಗೆ ಇದೆಯೇ, ಚಿತ್ರದ ಸ್ಪಷ್ಟತೆ ಅಳೆಯಲು ಇಡುವ ಪೆನೆಟ್ರಾಮೀಟರ್‌ನ ಕಾಣಬೇಕಾದ ತಂತಿ ಕಾಣುತ್ತಿದೆಯೇ? ಇಲ್ಲವಾದರೆ ಅದೇ ಜಾಯಿಂಟನ್ನು ಮತ್ತೆ ಶೂಟ್ ಮಾಡಿಸಿ. ಇದು ಬೆಸುಗೆಯ ಸೋಲಲ್ಲ.

ಈಗ 7ನೇ ನಂಬರಿನ ವೆಲ್ಡರ್‌ನ ಒಂದು ಜಾಯಿಂಟ್‌ನಲ್ಲಿ, ಬೆಸುಗೆಯ ನಟ್ಟನಡುವೆ ನೇರವಾದ ಕಪ್ಪು ಗೆರೆ ಕಂಡಿತೆನ್ನಿ. ಅಂದರೆ ಬೇರಿನ (ಬೆಸುಗೆಯ ತಳದ) ತನಕ ಲೋಹ ಇಳಿದಿಲ್ಲ, ಆ ಕೊರತೆಯೂ ಕೋಡ್ ಒಪ್ಪುವ ಮಿತಿ ಮೀರಿದೆ. ಆ ಜಾಗವನ್ನು ಕೊರೆದು, ಮತ್ತೆ ಬೆಸೆದು, ಅದೇ ವಿಧಾನದಲ್ಲಿ ಮರುಪರೀಕ್ಷೆ ಮಾಡಬೇಕು. ಸೈಟುಗಳಲ್ಲಿ ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಅದು ತಪ್ಪು. ರಿಪೇರಿ ಫಿಲ್ಮ್ ಆ ಒಂದು ಜಾಯಿಂಟ್‌ಗಷ್ಟೇ ಸಾಕ್ಷಿ. ಅದೇ ಕೈ ಬೆಸೆದ ಉಳಿದವುಗಳ ಗತಿಯೇನು?

ಅದಕ್ಕೆಂದೇ ಅದೇ ಲಾಟ್‌ನಿಂದ, ಅದೇ ವೆಲ್ಡರ್‌ನ ಅದೇ ಬಗೆಯ ಇನ್ನೆರಡು ಜಾಯಿಂಟ್ ತೆಗೆಯಬೇಕು. ಇವೇ ಪೆನಾಲ್ಟಿ ಜಾಯಿಂಟ್‌ಗಳು. ಎರಡೂ ಪಾಸಾದರೆ, ರಿಪೇರಿಯೂ ಪಾಸಾದ ಮೇಲೆ, ಅವು ಪ್ರತಿನಿಧಿಸುವ ಎಲ್ಲ ಜಾಯಿಂಟ್‌ಗಳನ್ನೂ ಒಪ್ಪಬಹುದು. ಒಂದು ಫೇಲಾದರೆ ಅದಕ್ಕೆ ಮತ್ತೆರಡು. ಎರಡೂ ಫೇಲಾದರೆ ನಾಲ್ಕು. ಈ ಸುತ್ತಿನಲ್ಲೂ ಒಂದೇ ಒಂದು ಫೇಲಾದರೆ ಸ್ಯಾಂಪಲಿಂಗ್ ಮುಗಿಯಿತು. ಆ ಗುಂಪಿನ ಅಷ್ಟೂ ಜಾಯಿಂಟ್‌ಗಳನ್ನು ರಿಪೇರಿ ಮಾಡಿ ಅಥವಾ ಬದಲಿಸಿ ಮರುಪರೀಕ್ಷಿಸಬೇಕು, ಇಲ್ಲವೇ ಎಲ್ಲಕ್ಕೂ ಫಿಲ್ಮ್ ತೆಗೆದು ಕೆಟ್ಟವನ್ನು ಸರಿಪಡಿಸಬೇಕು. ಹತ್ತಿಪ್ಪತ್ತು ಜಾಯಿಂಟ್‌ಗಳಾದರೂ ಸರಿ, ಇಲ್ಲಿ ರಿಯಾಯಿತಿ ಕೇಳಬಾರದು, ಕೊಡಲೂಬಾರದು.

ತೀವ್ರವಾಗಿ ಏರಿಳಿಯುವ ಒತ್ತಡ ಅನುಭವಿಸುವ ಪೈಪುಗಳಿಗೆ ಈ ಲೆಕ್ಕವೇ ಇಲ್ಲ. ಅವುಗಳಲ್ಲಿ ನೂರಕ್ಕೆ ನೂರು.

ರಿಜಿಸ್ಟರಿನಲ್ಲಿ ಜಾಯಿಂಟ್ ನಂಬರ್, ವೆಲ್ಡರ್ ನಂಬರ್, ಲಾಟ್ ಬರೆಯಿರಿ. ಯಾವ ಪೆನಾಲ್ಟಿ ಜಾಯಿಂಟ್ ಯಾವ ಫೇಲಿಗೆ ಸೇರಿದ್ದೆಂದೂ ಎದುರಿಗೇ ನಮೂದಿಸಿ. ಫೇಲಾದ ಹಳೆಯ ಫಿಲ್ಮನ್ನು ರಿಪೇರಿ ಫಿಲ್ಮಿನ ಜೊತೆಯಲ್ಲೇ ಇಡಿ.