ಬಿದ್ದ ಹಲ್ಲನ್ನು ಒರೆಸಬೇಡಿ, ಹಾಲಿನಲ್ಲಿ ಹಾಕಿ ತನ್ನಿ

ತಿಪಟೂರಿನಲ್ಲಿ ನನ್ನ ಹಲ್ಲಿನ ಕ್ಲಿನಿಕ್ ಇದೆ. ಹೋಬಳಿ ಮಟ್ಟದ ಕ್ರೀಡಾಕೂಟಗಳು ಶುರುವಾದರೆ ಸಾಕು, ಬಾಯಿಗೆ ಕರ್ಚೀಫು ಒತ್ತಿಕೊಂಡ ಮಕ್ಕಳು ಬರತೊಡಗುತ್ತಾರೆ. ಕಬಡ್ಡಿಯಲ್ಲಿ ಒಬ್ಬನ ಮೊಣಕೈ ತಾಗಿರುತ್ತದೆ, ಖೋ ಖೋದಲ್ಲಿ ಕಂಬಕ್ಕೆ ಮುಖ ಹೊಡೆದಿರುತ್ತದೆ. ಪೆಟ್ಟು ಬೀಳುವುದು ಹೆಚ್ಚಾಗಿ ಮೇಲಿನ ಮುಂದಿನ ಎರಡು ಹಲ್ಲುಗಳಿಗೆ. ಹಲ್ಲು ಸ್ವಲ್ಪ ಮುಂದಕ್ಕೆ ಚಾಚಿರುವ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ.

ಹಲ್ಲಿನ ಚೂರು ಮುರಿದಿದ್ದರೆ ಸಂಜೆಯವರೆಗೆ ಕಾಯಬಹುದು. ಆದರೆ ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಹೊರಗೆ ಬಂದರೆ ನಿಮಿಷಗಳ ಲೆಕ್ಕ. ತೆಂಗಿನ ಚಿಪ್ಪಿನ ಸುತ್ತ ನಾರು ಇರುವಂತೆ ಹಲ್ಲಿನ ಬೇರಿನ ಸುತ್ತಲೂ ಸಣ್ಣ ನಾರುಗಳ ಪೊರೆ ಇರುತ್ತದೆ. ಹಲ್ಲನ್ನು ದವಡೆಯ ಮೂಳೆಗೆ ಹಿಡಿದಿಡುವುದು ಇದೇ. ಹಲ್ಲು ಕಿತ್ತು ಬಂದಾಗ ಈ ಪೊರೆ ಹರಿದು, ಅರ್ಧ ಭಾಗ ಬೇರಿನ ಮೇಲೆಯೇ ಉಳಿದಿರುತ್ತದೆ. ಅದರ ಜೀವಕೋಶಗಳು ಬದುಕಿದ್ದರೆ ಹಲ್ಲು ಮತ್ತೆ ಕೂಡಿಕೊಳ್ಳುತ್ತದೆ. ಒಣಗಿದರೆ ಸಾಯುತ್ತವೆ. ಹೊರಗೆ ಒಣಗಿಕೊಂಡು 60 ನಿಮಿಷ ಕಳೆದರೆ ಹೆಚ್ಚೇನೂ ಉಳಿದಿರುವುದಿಲ್ಲ.

ಅಂದರೆ ಹಲ್ಲಿನ ಹಣೆಬರಹ ನನ್ನ ಕ್ಲಿನಿಕ್‌ಗೆ ಬರುವ ಮೊದಲೇ, ಮೈದಾನದಲ್ಲೇ ತೀರ್ಮಾನ ಆಗಿಬಿಡುತ್ತದೆ. ಜನ ಪ್ರೀತಿಯಿಂದ ಮಾಡುವುದೇ ಹಲ್ಲನ್ನು ಹಾಳು ಮಾಡುತ್ತದೆ. ಮಣ್ಣಾಗಿದೆ ಎಂದು ಬಟ್ಟೆಯಲ್ಲಿ ಉಜ್ಜುತ್ತಾರೆ, ಪೊರೆ ಹೋಯಿತು. ಹತ್ತಿಯಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಒಣಗಿತು. ಡೆಟಾಲ್ ಹಾಕಿದ ನೀರಿನಲ್ಲಿ ನೆನೆಸಿಟ್ಟು ತಂದವರೂ ಇದ್ದಾರೆ. ಬರೀ ನೀರಿನಲ್ಲಿ ಇಟ್ಟರೂ ಆ ಜೀವಕೋಶಗಳು ಉಬ್ಬಿ ಒಡೆಯುತ್ತವೆ.

ಅದಕ್ಕೇ ಸುತ್ತಲಿನ ಶಾಲೆಗಳ ಪಿಟಿ ಮೇಷ್ಟ್ರುಗಳಿಗೆ ನನ್ನ ನಂಬರ್ ಕೊಟ್ಟಿದ್ದೇನೆ. ಒಮ್ಮೆ ಒಬ್ಬ ಮೇಷ್ಟ್ರು ಗಾಬರಿಯಲ್ಲಿ ಫೋನ್ ಮಾಡಿದರು. "ಡಾಕ್ಟ್ರೇ, ಏಳನೇ ಕ್ಲಾಸ್ ಹುಡುಗ, ಹಲ್ಲು ಪೂರ್ತಿ ಕಿತ್ತು ಬಂದಿದೆ, ನನ್ನ ಕೈಯಲ್ಲೇ ಇದೆ." ನಾನು ಮೊದಲು ಕೇಳಿದ್ದು ಹಲ್ಲಿನ ಬಗ್ಗೆ ಅಲ್ಲ. ಹುಡುಗನಿಗೆ ಎಚ್ಚರ ತಪ್ಪಿತ್ತಾ, ವಾಂತಿ ಆಯಿತಾ, ಮಂಕಾಗಿದ್ದಾನಾ ಎಂದು ಕೇಳಿದೆ. ಇದರಲ್ಲಿ ಒಂದಿದ್ದರೂ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಹಲ್ಲು ಆಮೇಲೆ. ಏನೂ ಇಲ್ಲ ಎಂದರು.

"ಮೇಷ್ಟ್ರೇ, ಬೇರು ಮುಟ್ಟಬೇಡಿ. ಬೆಳ್ಳಗೆ ಕಾಣುವ ಭಾಗ ಹಿಡಿದುಕೊಂಡು ಅದೇ ಜಾಗಕ್ಕೆ ಕೂರಿಸೋಕೆ ಆಗುತ್ತಾ?" ಎಂದೆ. ಅದೇ ಎಲ್ಲಕ್ಕಿಂತ ಒಳ್ಳೆಯದು. ಕೂರಿಸಿ, ಬಟ್ಟೆ ಕಚ್ಚಿಸಿಕೊಂಡು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಅವರಿಗೆ ಧೈರ್ಯ ಬರಲಿಲ್ಲ. ಅಷ್ಟು ರಕ್ತ ನೋಡಿದಾಗ ಯಾರಿಗಾದರೂ ಹಾಗೇ ಆಗುತ್ತದೆ. ಸರಿ, ಪಕ್ಕದ ಅಂಗಡಿಯಿಂದ ನಂದಿನಿ ಹಾಲಿನ ಪ್ಯಾಕೆಟ್ ತರಿಸಿ, ಲೋಟಕ್ಕೆ ಸುರಿದು, ಹಲ್ಲು ಮುಳುಗಿಸಿ ತನ್ನಿ ಎಂದೆ. ತಣ್ಣಗಿನ ಹಾಲು ಆ ಪೊರೆಯನ್ನು ಕೆಲವು ಗಂಟೆ ಕಾಪಾಡುತ್ತದೆ. ಬಿಸಿ ಹಾಲು ಬೇಡ, ಮಜ್ಜಿಗೆಯಂತೂ ಬೇಡವೇ ಬೇಡ. ನಮ್ಮದು ತೆಂಗಿನ ಸೀಮೆ, ಹಾಗಾಗಿ ಎಳನೀರು ಆಗುತ್ತಾ ಎಂದು ಎಲ್ಲರೂ ಕೇಳುತ್ತಾರೆ. ಎಳನೀರಿನಲ್ಲಿ ಹುಳಿ ಅಂಶ ಇದೆ. ಒಣಗಿಸುವುದಕ್ಕಿಂತ ವಾಸಿ, ಆದರೆ ಹಾಲು ಸಿಗುವ ಕಡೆ ಹಾಲೇ ಸರಿ.

ಹುಡುಗ ಬೇಗ ಬಂದ. ಹಲ್ಲನ್ನು ಸಲೈನ್‌ನಲ್ಲಿ ತೊಳೆದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಗುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನೂ ಸಲೈನ್‌ನಿಂದಲೇ ತೆಗೆದೆ. ಆಮೇಲೆ ಬೆರಳಿನಿಂದ ನಿಧಾನವಾಗಿ ಒತ್ತಿ ಹಲ್ಲು ಕೂರಿಸಿದೆ. ಬಲ ಹಾಕಬಾರದು, ತಡೆದಂತಾದರೆ ತೆಗೆದು ಗುಳಿಯ ಗೋಡೆ ಮುರಿದಿದೆಯಾ ನೋಡಬೇಕು. ಎಕ್ಸ್‌ರೇ ತೆಗೆದು, ಅಕ್ಕಪಕ್ಕದ ಹಲ್ಲುಗಳ ಜೊತೆ ಸೇರಿಸಿ ತೆಳು ತಂತಿ ಅಂಟಿಸಿದೆ. ಈ ತಂತಿ ಬಿಗಿಯಾಗಿರಬಾರದು, ಹಲ್ಲಿಗೆ ಸ್ವಲ್ಪ ಅಲುಗಾಟ ಉಳಿಯಬೇಕು. ಅಲುಗಾಟವೇ ಇಲ್ಲದಿದ್ದರೆ ಬೇರು ಮೂಳೆಗೆ ಅಂಟಿಕೊಂಡುಬಿಡುತ್ತದೆ. ಎರಡು ವಾರ ತಂತಿ, ಮೆತ್ತನೆಯ ಊಟ, ಮೆದು ಬ್ರಷ್, ಕ್ಲೋರ್‌ಹೆಕ್ಸಿಡೀನ್‌ನಿಂದ ಬಾಯಿ ಮುಕ್ಕಳಿಸುವುದು. ಆಂಟಿಬಯೋಟಿಕ್ ಬರೆದೆ. ಮೈದಾನದ ಮಣ್ಣು ತಾಗಿದ್ದರಿಂದ ಟಿಟಿ ಇಂಜೆಕ್ಷನ್ ವಿಷಯ ವಿಚಾರಿಸಿದೆ. ಆ ವಯಸ್ಸಿಗೆ ಬೇರಿನ ತುದಿ ಮುಚ್ಚಿರುತ್ತದೆ, ಒಳಗಿನ ನರ ಬದುಕುವುದಿಲ್ಲ. ಹಾಗಾಗಿ ಎರಡು ವಾರದೊಳಗೆ ರೂಟ್ ಕೆನಾಲ್ ಶುರು ಮಾಡಿದೆ. ಏಳೆಂಟು ವರ್ಷದ ಮಗುವಾಗಿದ್ದರೆ ತುದಿ ಇನ್ನೂ ತೆರೆದಿರುತ್ತದೆ, ರಕ್ತಸಂಚಾರ ತಾನಾಗಿಯೇ ಮರಳುವ ಆಸೆ ಇರುತ್ತದೆ. ಅಲ್ಲಿ ಕಾದು ನೋಡುತ್ತೇನೆ.

"ಇದು ಎಷ್ಟು ವರ್ಷ ಬರುತ್ತೆ ಡಾಕ್ಟ್ರೇ?" ಎಂದು ಹುಡುಗನ ತಾಯಿ ಕೇಳಿದರು. ಎಲ್ಲ ತಂದೆತಾಯಿಗೂ ಇದಕ್ಕೆ ನಿಜವನ್ನೇ ಹೇಳುತ್ತೇನೆ. ಕೆಲವು ಹಲ್ಲುಗಳು ದಶಕಗಳ ಕಾಲ ಇರುತ್ತವೆ. ಕೆಲವು ನಿಧಾನಕ್ಕೆ ಕರಗುತ್ತವೆ, ಬೇರಿನ ಜಾಗವನ್ನು ಮೂಳೆ ತುಂಬಿಕೊಳ್ಳುತ್ತದೆ. ಹಾಗಾದರೂ ಕೂರಿಸಿದ್ದು ದಂಡವಲ್ಲ. ಮಕ್ಕಳ ದವಡೆ ಬೆಳೆಯುತ್ತಿರುವಾಗ ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಹಾಕಲು ಬರುವುದಿಲ್ಲ. ಅಲ್ಲಿಯವರೆಗೆ ಆ ಹಲ್ಲು ಇದ್ದರೆ ಮೂಳೆ ಸವೆಯುವುದಿಲ್ಲ, ಮಗು ಬಾಯಿ ಮುಚ್ಚಿಕೊಳ್ಳದೆ ನಗುತ್ತದೆ. ಇದೇ ಕಾರಣಕ್ಕೆ ತಡವಾಗಿ ಬಂದ ಹಲ್ಲನ್ನೂ ನಾನು ಸುಮ್ನೆ ಎಸೆಯುವುದಿಲ್ಲ. ಆದರೆ ನೋವಿಲ್ಲ ಎಂದು ಜನ ತಪಾಸಣೆ ಬಿಟ್ಟುಬಿಡುತ್ತಾರೆ. ಬೇರು ಕರಗುವಾಗ ನೋಯುವುದೇ ಇಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಮೊದಲ ವರ್ಷ ಹಲವು ಸಲ, ಆಮೇಲೆ ವರ್ಷಕ್ಕೊಮ್ಮೆ, ಕನಿಷ್ಠ ಐದು ವರ್ಷ ಬರಲೇಬೇಕು.

ಇಷ್ಟೆಲ್ಲ ಹೇಳಿದ್ದು ಶಾಶ್ವತ ಹಲ್ಲಿಗೆ. ಹಾಲುಹಲ್ಲು ಕಿತ್ತು ಬಂದರೆ ಮತ್ತೆ ಕೂರಿಸಲೇಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಅದನ್ನು ನಮ್ಮ ಅಜ್ಜಿಯರು ಹೇಳುವಂತೆ ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯಲಿ, ನನ್ನದೇನೂ ತಕರಾರಿಲ್ಲ. ಆದರೂ ಮಗುವನ್ನು ಒಮ್ಮೆ ತೋರಿಸಿ. ಹಲ್ಲು ಕಾಣದಿದ್ದರೆ ಅದು ಬಿದ್ದಿದೆಯೋ, ವಸಡಿನೊಳಗೆ ಹೂತಿದೆಯೋ ತಿಳಿಯಬೇಕಲ್ವಾ?

ಮುರಿದ ಚೂರು ಸಿಕ್ಕರೆ ನೀರಿನಲ್ಲಿ ಹಾಕಿ ತನ್ನಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು. ಸಿಗದಿದ್ದರೆ, ತುಟಿ ಸೀಳಿದ್ದರೆ, ನಾನು ತುಟಿಯ ಎಕ್ಸ್‌ರೇ ತೆಗೆಯುತ್ತೇನೆ. ಕೆಲವೊಮ್ಮೆ ಚೂರು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಮುರಿದ ಕಡೆ ಕೆಂಪು ಚುಕ್ಕೆ ಕಂಡರೆ ನರ ಹೊರಬಿದ್ದಿದೆ ಎಂದರ್ಥ. ಎಳೆಯ ಹಲ್ಲಾದರೆ ಪೂರ್ತಿ ನರ ತೆಗೆಯಬೇಕಿಲ್ಲ. ಮೇಲಿನ ಒಂದೆರಡು ಮಿಲಿಮೀಟರ್ ತೆಗೆದು ಔಷಧಿ ಮುಚ್ಚಿದರೆ ಉಳಿದದ್ದು ಬದುಕುತ್ತದೆ. ಸ್ವೀಡನ್‌ನಲ್ಲಿದ್ದ ಹಲ್ಲಿನ ವೈದ್ಯ ಮಿಯೊಮಿರ್ ಸ್ವೆಕ್ 1978ರಲ್ಲಿ ಬರೆದ ಈ ಪದ್ಧತಿಯನ್ನು ಇವತ್ತಿಗೂ ನಾವು ಅವರ ಹೆಸರಿನಲ್ಲೇ ಕರೆಯುತ್ತೇವೆ.

ಈಗ ಕಬಡ್ಡಿ ಆಡುವ ಮಕ್ಕಳಿಗೆ ಹಲ್ಲಿನ ಅಚ್ಚು ತೆಗೆದು ಮೌತ್‌ಗಾರ್ಡ್, ಅಂದರೆ ಹಲ್ಲು ಕಾಯುವ ಕವಚ, ಮಾಡಿಕೊಡುತ್ತಿದ್ದೇನೆ. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚಿ ಹಾಕಿಕೊಳ್ಳುವಂಥದ್ದು ಕ್ರೀಡಾ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಮೇಷ್ಟ್ರುಗಳಿಗೆ ನನ್ನ ಕೋರಿಕೆ ಒಂದೇ: ಪಂದ್ಯದ ದಿನ ಐಸ್ ಡಬ್ಬದಲ್ಲಿ ಒಂದು ಹಾಲಿನ ಪ್ಯಾಕೆಟ್ ಕೂಡ ಇಡಿ.